ಹುಳಿಯ ಪಾತ್ರೆಗೆ ಎಷ್ಟು ಪಾಯಿಂಟ್?

ಪ್ರತಿ ಆಹಾರಕ್ಕೂ ಒಂದು ಅಂಕ ಕೊಟ್ಟು, ದಿನಕ್ಕೆ ಇಷ್ಟೇ ಅಂಕ ಎಂದು ಮಿತಿ ಹಾಕಿಕೊಂಡು ತೂಕ ಇಳಿಸುವ ಪಾಯಿಂಟ್ ಪದ್ಧತಿಯ ಮಾತು ಬಂದಾಗಲೆಲ್ಲ ಅಮೆರಿಕದಲ್ಲಿರುವ ನನ್ನ ಕನ್ನಡದ ಗೆಳತಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ನಮ್ಮ ಊಟಕ್ಕೆ ಅದು ಒಗ್ಗುತ್ತದೆಯೇ? ಕೇಳುವುದರಲ್ಲಿ ಅರ್ಥವಿದೆ. ಈ ಪದ್ಧತಿಯನ್ನು ನಡೆಸುವ ವೇಟ್ ವಾಚರ್ಸ್ ಸಂಸ್ಥೆಯ ಆ್ಯಪಿನಲ್ಲಿ ಡಬ್ಬಿಯ ಸೂಪಿಗೆ, ಬೇಗಲ್‌ಗೆ, ಅಂಗಡಿಯ ಪಿಜ್ಜಾಕ್ಕೆ ಪಾಯಿಂಟು ಸಿದ್ಧವಾಗಿ ಸಿಗುತ್ತದೆ. ಆದರೆ ನಮ್ಮ ಮನೆಯ ಒಲೆಯ ಮೇಲೆ ಕುದಿಯುವ ಹುಳಿಗೆ, ಹುರುಳಿಕಾಯಿ ಪಲ್ಯಕ್ಕೆ, ಗೊಜ್ಜಿಗೆ ಅಲ್ಲಿ ಏನಾದರೂ ಸಂಖ್ಯೆ ಕಂಡರೂ ಅದು ಬೇರೆ ಯಾರದೋ ಅಡುಗೆಮನೆಯ ಸಂಖ್ಯೆ. ನಾನು ನ್ಯೂಜೆರ್ಸಿಯಲ್ಲಿ ಸಂಸಾರ ಮಾಡಿಕೊಂಡಿರುವವಳು, ಎರಡು ಹೊತ್ತೂ ಅನ್ನ ಉಣ್ಣುವ ಮನೆಯವಳು. ಕೆಲವು ವರ್ಷಗಳಿಂದ ಈ ಪದ್ಧತಿಯನ್ನು ಪಾಲಿಸುತ್ತ ಬಂದಿದ್ದೇನೆ. ತೂಕ ನಿಧಾನವಾಗಿ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಇಳಿದದ್ದು ಮತ್ತೆ ಏರಲಿಲ್ಲ. ನನ್ನ ಉತ್ತರವಿಷ್ಟು: ಒಗ್ಗುತ್ತದೆ, ಆದರೆ ತಟ್ಟೆಯ ಮುಂದೆ ಕುಳಿತ ಮೇಲೆ ಎಣಿಸಲು ಹೊರಟರೆ ಒಗ್ಗುವುದಿಲ್ಲ. ನಮ್ಮ ಅಡುಗೆಯನ್ನು ಪಾತ್ರೆಯಲ್ಲಿರುವಾಗಲೇ ಎಣಿಸಬೇಕು.

ಈ ಸಂಸ್ಥೆ ಹುಟ್ಟಿದ್ದು ನಮಗೆ ಹತ್ತಿರದ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಗಣಪತಿ ದೇವಸ್ಥಾನಕ್ಕೆಂದು, ಅದರ ಕ್ಯಾಂಟೀನಿನ ದೋಸೆಗೆಂದು ನಾವೆಲ್ಲ ಹೋಗಿಬರುವ ಫ್ಲಶಿಂಗ್ ಇರುವುದೂ ಅದೇ ಕ್ವೀನ್ಸ್‌ನಲ್ಲಿ. ಅಲ್ಲಿನ ಗೃಹಿಣಿ ಜೀನ್ ನೈಡಿಚ್ 1961ರಲ್ಲಿ 214 ಪೌಂಡು, ಎಂದರೆ ಸುಮಾರು 97 ಕಿಲೋ ತೂಗುತ್ತಿದ್ದರು. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ನಡೆಸುತ್ತಿದ್ದ ಬೊಜ್ಜಿನ ಚಿಕಿತ್ಸಾಲಯಕ್ಕೆ ಹೋದಾಗ ಅವರಿಗೆ ಒಂದು ಕಟ್ಟುನಿಟ್ಟಾದ ಆಹಾರಪಟ್ಟಿ ಸಿಕ್ಕಿತು: ವಾರಕ್ಕೆ ಐದು ಬಾರಿ ಮೀನು, ಒಮ್ಮೆ ಪ್ರಾಣಿಯ ಯಕೃತ್ತು, ಅಳೆದು ಕೊಟ್ಟ ಬ್ರೆಡ್ಡು, ಕೆನೆ ತೆಗೆದ ಹಾಲು. ಪಟ್ಟಿ ಸರಿಯಾಗಿತ್ತು, ಆದರೆ ಕದ್ದು ತಿನ್ನುವ ಬಿಸ್ಕತ್ತಿನ ಸಂಕಟವನ್ನು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅವರು ಆರು ಮಂದಿ ಗೆಳತಿಯರನ್ನು ತಮ್ಮ ಮನೆಗೆ ಕರೆದು ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡರು. 1962ರ ಅಕ್ಟೋಬರ್ ಹೊತ್ತಿಗೆ ಅವರ ತೂಕ 142 ಪೌಂಡಿಗೆ ಇಳಿದಿತ್ತು. 1963ರಲ್ಲಿ ವೇಟ್ ವಾಚರ್ಸ್ ಸಂಸ್ಥೆಯಾಯಿತು. ಆಗ ಪಾಯಿಂಟ್ ಎಂಬುದು ಇರಲೇ ಇಲ್ಲ. ಇದ್ದದ್ದು ತಿನ್ನಬೇಕಾದ ಮತ್ತು ತಿನ್ನಬಾರದ ಪದಾರ್ಥಗಳ ಪಟ್ಟಿ, ಜೊತೆಗೆ ವಾರಕ್ಕೊಮ್ಮೆ ಸೇರಿ ಮಾತನಾಡುವ ಸಭೆ. ಅಮೆರಿಕದಲ್ಲಿ ಪಾಯಿಂಟ್ ಬಂದದ್ದು 1997ರಲ್ಲಿ. ಅಂದಿನಿಂದ ನಿಷೇಧದ ಪಟ್ಟಿ ಹೋಗಿ ಆಯವ್ಯಯದ ಲೆಕ್ಕ ಬಂತು. ನನ್ನಂಥವಳಿಗೆ ಬಾಗಿಲು ತೆರೆದದ್ದು ಈ ಬದಲಾವಣೆಯೇ, ಏಕೆಂದರೆ ಮೀನು ಮತ್ತು ಯಕೃತ್ತಿನ ಪಟ್ಟಿಯಲ್ಲಿ ಸಸ್ಯಾಹಾರಿಗೆ ಜಾಗವಿರಲಿಲ್ಲ.

ಆ ಮೊದಲ ಸೂತ್ರ ಬಹಳ ಸರಳ. ಆಹಾರದ ಕ್ಯಾಲೊರಿಯನ್ನು 50ರಿಂದ ಭಾಗಿಸಬೇಕು. ಕೊಬ್ಬಿನ ಗ್ರಾಮನ್ನು 12ರಿಂದ ಭಾಗಿಸಿ ಅದಕ್ಕೆ ಕೂಡಿಸಬೇಕು. ನಾರಿನಂಶದ ಗ್ರಾಮನ್ನು, ಒಂದು ಸಲ ಬಡಿಸಿಕೊಳ್ಳುವ ಪಾಲಿಗೆ 4 ಗ್ರಾಮಿಗೆ ಮೀರದಂತೆ, 5ರಿಂದ ಭಾಗಿಸಿ ಕಳೆಯಬೇಕು. ಕೊಬ್ಬು ಇದ್ದರೆ ದಂಡ, ನಾರು ಇದ್ದರೆ ರಿಯಾಯಿತಿ. ಆಮೇಲೆ ಸೂತ್ರ ಹಲವು ಬಾರಿ ಬದಲಾಯಿತು: 2010ರ ಕೊನೆಯಲ್ಲಿ ಪ್ರೋಟೀನು ಮತ್ತು ಕಾರ್ಬೋಹೈಡ್ರೇಟು ಲೆಕ್ಕಕ್ಕೆ ಬಂದವು, 2015ರ ಕೊನೆಯಲ್ಲಿ ಸಕ್ಕರೆಗೂ, ತುಪ್ಪ ಬೆಣ್ಣೆಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬಿಗೂ ಹೆಚ್ಚು ಪಾಯಿಂಟು ಬಿದ್ದು, ಪ್ರೋಟೀನಿಗೆ ರಿಯಾಯಿತಿ ಸಿಕ್ಕಿತು. ಪೋಷಣೆಯ ದೃಷ್ಟಿಯಿಂದ ಹೊಸ ಸೂತ್ರಗಳು ಹಳೆಯದಕ್ಕಿಂತ ಜಾಣತನದವು ಎಂಬುದನ್ನು ಒಪ್ಪುತ್ತೇನೆ. ಆದರೂ ಮನೆಯ ಅಡುಗೆಗೆ ನಾನು ಇಂದಿಗೂ ಬಳಸುವುದು ಮೊದಲ ಸೂತ್ರವನ್ನೇ, ಏಕೆಂದರೆ ಒಗ್ಗರಣೆ ಸಿಡಿಯುವಷ್ಟರಲ್ಲಿ ಕಾಗದದ ಚೂರಿನ ಮೇಲೆ ಅದನ್ನು ಮಾಡಿ ಮುಗಿಸಬಹುದು. ಕಚ್ಚಾ ಪದಾರ್ಥಗಳ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕವಿದೆ. ರಾಗಿ, ತೊಗರಿಬೇಳೆ, ತೆಂಗಿನಕಾಯಿ ಎಲ್ಲವೂ ಅದರಲ್ಲಿ ಸಿಗುತ್ತವೆ.

ಈಗ ಪಾತ್ರೆಗೆ ಬರೋಣ. ನಮ್ಮ ಮನೆಯ ಹುಳಿಗೆ 200 ಗ್ರಾಂ ತೊಗರಿಬೇಳೆ ಬೀಳುತ್ತದೆ. ಅದರಲ್ಲಿ ಸುಮಾರು 660 ಕ್ಯಾಲೊರಿ, 3 ಗ್ರಾಂ ಕೊಬ್ಬು. ರುಬ್ಬಲು 100 ಗ್ರಾಂ ತೆಂಗಿನ ತುರಿ ಹಾಕಿದರೆ 350 ಕ್ಯಾಲೊರಿ, 33 ಗ್ರಾಂ ಕೊಬ್ಬು. ಒಗ್ಗರಣೆಗೆ ದೊಡ್ಡ ಚಮಚದಲ್ಲಿ ಎರಡು ಚಮಚ ಎಣ್ಣೆ ಎಂದರೆ ಸುಮಾರು 250 ಕ್ಯಾಲೊರಿ, 28 ಗ್ರಾಂ ಕೊಬ್ಬು. ತರಕಾರಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಪಾತ್ರೆಯ ಒಟ್ಟು ಮೊತ್ತ 1,260 ಕ್ಯಾಲೊರಿ, 64 ಗ್ರಾಂ ಕೊಬ್ಬು. ಇದನ್ನು ಹತ್ತು ಸೌಟಿಗೆ ಹಂಚಿ, ನಾರಿನ ರಿಯಾಯಿತಿಯನ್ನೂ ಕಳೆದು ನೋಡಿದರೆ ಸೌಟೊಂದಕ್ಕೆ ಎರಡೂವರೆ ಪಾಯಿಂಟು ಬರುತ್ತದೆ. ಅದೇ ಹುಳಿಗೆ ತೆಂಗಿನ ತುರಿಯನ್ನು ಅರ್ಧ ಮಾಡಿ, ಒಗ್ಗರಣೆಯನ್ನು ಎರಡು ಚಿಕ್ಕ ಚಮಚ ಎಣ್ಣೆಯಲ್ಲಿ ಮುಗಿಸಿದರೆ ಪಾತ್ರೆಯಿಂದ 330ಕ್ಕೂ ಹೆಚ್ಚು ಕ್ಯಾಲೊರಿ ಕಳೆದುಹೋಗಿ, ಸೌಟಿಗೆ ಒಂದೂವರೆ ಪಾಯಿಂಟಿನ ಆಸುಪಾಸಿಗೆ ಇಳಿಯುತ್ತದೆ. ಬೇಳೆಯನ್ನು ಒಂದು ಕಾಳೂ ಕಡಿಮೆ ಮಾಡಲಿಲ್ಲ, ಹುಳಿಪುಡಿಯನ್ನು ಮುಟ್ಟಲಿಲ್ಲ. ಸಾಸಿವೆ, ಇಂಗು, ಕರಿಬೇವು ಎಂದಿನಂತೆಯೇ ಇವೆ. ಮನೆಯಲ್ಲಿ ಉಂಡವರೆಲ್ಲರ ಪಾಲಿನಲ್ಲೂ ಅಷ್ಟಷ್ಟು ಕಡಿಮೆಯಾಯಿತು, ಯಾರೂ ಬೇರೆ ಅಡುಗೆ ಮಾಡಿಕೊಳ್ಳಬೇಕಾಗಲಿಲ್ಲ. ತೂಕ ಇಳಿಸುವವರಿಗೆ ಒಂದು ಅಡುಗೆ, ಉಳಿದವರಿಗೆ ಇನ್ನೊಂದು ಎಂಬ ಏರ್ಪಾಟು ಯಾವ ಮನೆಯಲ್ಲೂ ಬಹಳ ಕಾಲ ನಡೆಯುವುದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ.

ಪಾತ್ರೆಯಲ್ಲಿ ಎಣಿಸಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ಯಾಂಡ್‌ವಿಚ್ಚನ್ನು ಬಿಡಿಸಿ ನೋಡಿದರೆ ಒಳಗಿರುವ ಚೀಸು ಕಣ್ಣಿಗೆ ಕಾಣುತ್ತದೆ. ಹುಳಿಯಲ್ಲಿ ರುಬ್ಬಿದ ತೆಂಗು, ಪಲ್ಯದಲ್ಲಿ ಹೀರಿಕೊಂಡ ಎಣ್ಣೆ, ಬಿಸಿಬೇಳೆಬಾತಿನಲ್ಲಿ ಕರಗಿದ ತುಪ್ಪ ತಟ್ಟೆಗೆ ಬರುವಷ್ಟರಲ್ಲಿ ಕಣ್ಮರೆಯಾಗಿರುತ್ತವೆ. ಬಡಿಸಿದ ಮೇಲೆ ಅವನ್ನು ಅಂದಾಜು ಮಾಡುವುದು ಪಳಗಿದ ಅಡುಗೆಯವರಿಗೂ ಕಷ್ಟ. ಎಣ್ಣೆಯ ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕುವುದೊಂದನ್ನೇ ಮಾಡಿದರೂ ಅರ್ಧ ಕೆಲಸ ಮುಗಿಯುತ್ತದೆ. ದೊಡ್ಡ ಚಮಚದ ಒಂದು ಚಮಚ ಎಣ್ಣೆಗೆ, ಅದು ಯಾವುದೇ ಎಣ್ಣೆಯಾಗಿರಲಿ, ಮೂರೂವರೆ ಪಾಯಿಂಟು.

ಅನ್ನದ ವಿಷಯವನ್ನು ಇನ್ನೂ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಊಟದ ಕ್ರಮದಲ್ಲಿ ಅನ್ನ ಮೂರು ಬಾರಿ ಬರುತ್ತದೆ: ಮೊದಲು ಹುಳಿಯನ್ನ, ಆಮೇಲೆ ಸಾರನ್ನ, ಕೊನೆಗೆ ಮೊಸರನ್ನ. ಅಮೆರಿಕದ ಅಳತೆಯ ಒಂದು ಕಪ್ ಅನ್ನದಲ್ಲಿ ಸುಮಾರು 200 ಕ್ಯಾಲೊರಿಯಿದ್ದು ಅದಕ್ಕೆ 4 ಪಾಯಿಂಟು. ಮೂರು ಸಲ ಒಂದೊಂದು ಕಪ್ ಬಡಿಸಿಕೊಂಡರೆ ಅನ್ನಕ್ಕೇ 12 ಆಯಿತು. ಹಳೆಯ ಪದ್ಧತಿಯಲ್ಲಿ ನನ್ನಂಥ ಮೈಕಟ್ಟಿನ ಹೆಂಗಸಿಗೆ ದಿನಕ್ಕೆ ಸಿಗುತ್ತಿದ್ದ ಪಾಯಿಂಟು ಇಪ್ಪತ್ತೆರಡರ ಆಸುಪಾಸು. ಹಾಗಾಗಿ ಒಂದು ಹೊತ್ತಿನ ಅನ್ನವೇ ದಿನದ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತಿತ್ತು. ಅನ್ನವನ್ನು ಬಿಟ್ಟುಬಿಡಿ ಎಂದು ಹೇಳುವವರು ಬಹಳ ಮಂದಿ. ನಾನು ಬಿಡಲಿಲ್ಲ, ಬಿಡುವುದು ಅಗತ್ಯವೆಂದೂ ನನಗೆ ಅನ್ನಿಸಿಲ್ಲ. ಹುಳಿಯನ್ನು ಅನ್ನವಿಲ್ಲದೆ ಬಟ್ಟಲಿನಲ್ಲಿ ಹಾಕಿಕೊಂಡು ಪಲ್ಯ ಮತ್ತು ಕೋಸಂಬರಿಯ ಜೊತೆಗೆ ತಿನ್ನುತ್ತೇನೆ. ಸಾರಿಗೆ ಮುಕ್ಕಾಲು ಕಪ್ ಅನ್ನ, ಮಜ್ಜಿಗೆಗೆ ಅರ್ಧ ಕಪ್. ಊಟದ ಕ್ರಮ ಉಳಿಯಿತು, ಮಜ್ಜಿಗೆಯನ್ನದಿಂದ ಊಟ ಮುಗಿಸಿದ ತೃಪ್ತಿಯೂ ಉಳಿಯಿತು, ಅನ್ನದ ಪಾಯಿಂಟು ಹನ್ನೆರಡರಿಂದ ಐದಕ್ಕೆ ಬಂತು.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 11 ಗ್ರಾಂ ನಾರು; ಅಷ್ಟೇ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, 3 ಗ್ರಾಮಿನಷ್ಟು ನಾರು. ಸೂತ್ರಕ್ಕೆ ಹಾಕಿದರೆ ರಾಗಿಗೆ ಆರು, ಅಕ್ಕಿಗೆ ಆರೂವರೆ. ಅಂಕಿಯಲ್ಲಿ ಇಷ್ಟೇ ವ್ಯತ್ಯಾಸ. ನಾರಿನಿಂದಾಗಿ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ, ಎರಡನೆಯ ಬಾರಿ ಬಡಿಸಿಕೊಳ್ಳುವ ಆಸೆ ಕಡಿಮೆಯಾಗುತ್ತದೆ; ರಾಗಿಯಿಂದಾಗುವ ನಿಜವಾದ ಉಪಕಾರ ಅದು. ಒಂದರ ಬದಲು ಎರಡು ದೊಡ್ಡ ಮುದ್ದೆ ಉಂಡರೆ ಆ ಉಪಕಾರವೂ ಉಳಿಯುವುದಿಲ್ಲ.

ತಿಂಡಿಯಲ್ಲಿ ಇಡ್ಲಿ ನಮ್ಮ ದೊಡ್ಡ ಆಸ್ತಿ. ಎಣ್ಣೆಯ ಹನಿಯೂ ಇಲ್ಲದೆ ಹಬೆಯಲ್ಲಿ ಬೇಯುವ ಸಣ್ಣ ಇಡ್ಲಿಯೊಂದಕ್ಕೆ ಒಂದು ಪಾಯಿಂಟು ಸಾಕು, ಅದರ ಪಕ್ಕದಲ್ಲಿ ಕೂರುವ ಒಂದು ಉದ್ದಿನವಡೆಗೆ ಎರಡರಿಂದ ಮೂರು. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜಕ್ಕೆ ನಾಲ್ಕು. ಅದು ಒಳ್ಳೆಯ ಆಹಾರವೇ, ಆದರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಿನ್ನುವ ಆಹಾರವಲ್ಲ. ಗೆಳತಿಯರಿಗೆ ಹೆಚ್ಚು ಆಶ್ಚರ್ಯ ತರುವುದು ಕಾಫಿ. ಕೆನೆಭರಿತ ಹಾಲು ಹಾಕಿ, ಒಂದು ಚಮಚ ಸಕ್ಕರೆ ಬೆರೆಸಿದ ಫಿಲ್ಟರ್ ಕಾಫಿಗೆ ಸುಮಾರು ಎರಡು ಪಾಯಿಂಟು. ದಿನಕ್ಕೆ ಮೂರು ಲೋಟ ಕುಡಿಯುವವರ ಆರು ಪಾಯಿಂಟು ಅಗಿಯದೆಯೇ ಖರ್ಚಾಗಿರುತ್ತದೆ. ನಾನು ಬೆಳಗಿನ ಕಾಫಿಯನ್ನು ಎಂದಿನ ಹಾಗೆಯೇ ಉಳಿಸಿಕೊಂಡು, ಉಳಿದವನ್ನು ಕಡಿಮೆ ಕೊಬ್ಬಿನ ಹಾಲಿಗೆ, ಸಕ್ಕರೆಯಿಲ್ಲದ್ದಕ್ಕೆ ಬದಲಾಯಿಸಿದೆ. ಬಹಳ ಇಷ್ಟವಾದದ್ದಕ್ಕೆ ಪಾಯಿಂಟು ಕೊಟ್ಟು, ರೂಢಿಗೆ ಬಿದ್ದು ಕುಡಿಯುವುದರಲ್ಲಿ ಉಳಿಸುವುದು ಈ ಪದ್ಧತಿಯ ಜೀವಾಳ.

ಸೊನ್ನೆ ಪಾಯಿಂಟಿನ, ಎಂದರೆ ಎಣಿಸದೆ ತಿನ್ನಬಹುದಾದ ಆಹಾರಗಳ ವಿಷಯದಲ್ಲಿ ಮಾತ್ರ ಸಂಸ್ಥೆಯ ದಾರಿಯನ್ನು ನಾನು ಪೂರ್ತಿ ಒಪ್ಪಿಲ್ಲ. ಮೊದಲು ಬಹುತೇಕ ತರಕಾರಿಗಳಷ್ಟೇ ಸೊನ್ನೆಯಾಗಿದ್ದವು. 2010ರ ಬದಲಾವಣೆಯಲ್ಲಿ ಹಣ್ಣುಗಳು ಸೇರಿದವು. 2017ರ ಕೊನೆಯಲ್ಲಿ ಬಂದ ಪದ್ಧತಿಯಲ್ಲಿ ಮೊಟ್ಟೆ, ಚರ್ಮ ತೆಗೆದ ಕೋಳಿಯ ಎದೆಭಾಗ, ಮೀನು, ಕೊಬ್ಬಿಲ್ಲದ ಮೊಸರು, ಬೇಳೆಕಾಳುಗಳು ಸೇರಿ 200ಕ್ಕೂ ಹೆಚ್ಚು ಪದಾರ್ಥಗಳಿಗೆ ಸೊನ್ನೆ ಸಿಕ್ಕಿತು. ಬೇಳೆಯನ್ನು ಅಪರೂಪಕ್ಕೆ ತಿನ್ನುವ ಅಮೆರಿಕನ್ನರನ್ನು ಅದರ ಕಡೆಗೆ ಸೆಳೆಯಲು ಇದು ಒಳ್ಳೆಯ ಉಪಾಯ. ಬೆಳಿಗ್ಗೆ ಇಡ್ಲಿಯಲ್ಲಿ ಉದ್ದು, ಮಧ್ಯಾಹ್ನ ಹುಳಿಯಲ್ಲಿ ತೊಗರಿ, ಕೋಸಂಬರಿಯಲ್ಲಿ ಹೆಸರು, ಸಂಜೆ ಕಡಲೆಕಾಳಿನ ಉಸಲಿ ಎಂದು ದಿನವಿಡೀ ಬೇಳೆಕಾಳು ತಿನ್ನುವ ನಮ್ಮ ಮನೆಗಳಲ್ಲಿ ಅದನ್ನು ಸೊನ್ನೆ ಎಂದು ಹಿಡಿದರೆ ನೂರಾರು ಕ್ಯಾಲೊರಿ ಲೆಕ್ಕದಿಂದಾಚೆ ಉಳಿಯುತ್ತದೆ. ಆದ್ದರಿಂದ ನಾನು ಬೇಳೆಯನ್ನು ಎಣಿಸುತ್ತೇನೆ. ಹೀರೇಕಾಯಿ, ಸೋರೆಕಾಯಿ, ಬೂದುಗುಂಬಳ, ಸೊಪ್ಪು, ಸೌತೆಕಾಯಿಗಳನ್ನು ಎಣಿಸುವುದಿಲ್ಲ. ಹುಳಿಯಲ್ಲಿ ತರಕಾರಿಯ ಹೋಳುಗಳನ್ನು ದುಪ್ಪಟ್ಟು ಮಾಡಿದರೆ ಪಾಯಿಂಟು ಏರದೆ ಬಟ್ಟಲು ತುಂಬುತ್ತದೆ. ಹಾಗೆಯೇ, ನಡೆದದ್ದಕ್ಕೆ, ವ್ಯಾಯಾಮಕ್ಕೆ ಸಿಗುವ ಹೆಚ್ಚುವರಿ ಪಾಯಿಂಟುಗಳನ್ನು ನಾನು ಊಟಕ್ಕೆ ಖರ್ಚು ಮಾಡುವುದಿಲ್ಲ. ಅರ್ಧ ಗಂಟೆಯ ನಡಿಗೆಯಲ್ಲಿ ಕರಗುವುದು ಬಹಳ ಕಡಿಮೆ, ಅದನ್ನು ತುಂಬಿಕೊಳ್ಳಲು ಒಂದು ಚಕ್ಕುಲಿ ಸಾಕಾಗುತ್ತದೆ.

ಹಬ್ಬಗಳನ್ನು ನಿಭಾಯಿಸಲು ವಾರದ ಹೆಚ್ಚುವರಿ ಪಾಯಿಂಟುಗಳಿವೆ. ದಿನದ ಲೆಕ್ಕದ ಮೇಲೆ ವಾರಕ್ಕೆ 35 ಪಾಯಿಂಟನ್ನು ಬೇಕಾದಾಗ ಬಳಸಿಕೊಳ್ಳಬಹುದೆಂಬ ನಿಯಮ ಹಳೆಯ ಸೂತ್ರದ ಕಾಲದ್ದು. ನಾನು ಅದನ್ನು ಉಳಿಸಿಕೊಂಡಿದ್ದೇನೆ. ತುಪ್ಪದ ಚಮಚವೂ ಸೇರಿ ನಮ್ಮ ಅಳತೆಯ ಬೇಳೆ ಒಬ್ಬಟ್ಟಿಗೆ ಆರರಿಂದ ಏಳು ಪಾಯಿಂಟು. ಯುಗಾದಿಯ ವಾರದಲ್ಲಿ ಎರಡು ಒಬ್ಬಟ್ಟು, ಸ್ವಲ್ಪ ಮಾವಿನಕಾಯಿ ಚಿತ್ರಾನ್ನ, ಒಂದು ಆಂಬೊಡೆ ಇವೆಲ್ಲವೂ ಆ 35ರೊಳಗೆ ನೆಮ್ಮದಿಯಾಗಿ ಕೂರುತ್ತವೆ, ಹಬ್ಬದ ಮರುದಿನ ಉಪವಾಸ ಮಾಡಬೇಕಾದ ಪ್ರಮೇಯವೂ ಬರುವುದಿಲ್ಲ. ಉಪವಾಸವೆಂದಾಗ ನೆನಪಾಗುತ್ತದೆ: ಏಕಾದಶಿಯಂದು ಅನ್ನ ಬಿಟ್ಟು ಎಣ್ಣೆ ಸುರಿದ ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು, ಕರಿದ ಸಬ್ಬಕ್ಕಿ ವಡೆ ತಿಂದರೆ ಅಂದಿನ ಪಾಯಿಂಟು ಊಟದ ದಿನಕ್ಕಿಂತ ಹೆಚ್ಚಾಗಬಹುದು. ವ್ರತದ ಶ್ರದ್ಧೆ ಬೇರೆ, ತೂಕದ ಲೆಕ್ಕ ಬೇರೆ ಎಂದು ತಿಳಿದುಕೊಂಡರೆ ಎರಡಕ್ಕೂ ಗೌರವ. ಕನ್ನಡ ಕೂಟದ ಊಟಗಳಲ್ಲಿ, ನೆಂಟರಿಷ್ಟರ ಮನೆಗಳಲ್ಲಿ ಒತ್ತಾಯ ಮಾಡಿ ಬಡಿಸುವ ಪ್ರೀತಿಯನ್ನು ನಿರಾಕರಿಸುವುದು ನನಗೆ ಇಷ್ಟವಿಲ್ಲ. ಮೊದಲು ಬಡಿಸಿಕೊಳ್ಳುವಾಗಲೇ ಅರ್ಧ ಹಾಕಿಸಿಕೊಂಡು, "ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಎಂದಾಗ ಉಳಿದರ್ಧವನ್ನು ಸಂತೋಷದಿಂದ ಹಾಕಿಸಿಕೊಳ್ಳುತ್ತೇನೆ.

ಇದರಿಂದ ಎಷ್ಟು ತೂಕ ಇಳಿಯುತ್ತದೆ ಎಂಬ ಪ್ರಶ್ನೆಗೆ ಜಾಹೀರಾತುಗಳಿಗಿಂತ ಅಧ್ಯಯನಗಳು ಪ್ರಾಮಾಣಿಕವಾದ ಉತ್ತರ ಕೊಡುತ್ತವೆ. 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಸ್ಟ್ರೇಲಿಯಾ, ಜರ್ಮನಿ ಮತ್ತು ಬ್ರಿಟನ್ನಿನ 772 ಮಂದಿಯನ್ನು ಎರಡು ಗುಂಪು ಮಾಡಲಾಗಿತ್ತು. ವೈದ್ಯರ ಸಾಮಾನ್ಯ ಸಲಹೆ ಪಡೆದವರು ಒಂದು ವರ್ಷದಲ್ಲಿ ಸರಾಸರಿ 2.25 ಕಿಲೋ ಇಳಿದರೆ, ವೇಟ್ ವಾಚರ್ಸ್‌ಗೆ ಹೋದವರು ಸುಮಾರು 5 ಕಿಲೋ ಇಳಿದರು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ 1,267 ಮಂದಿಯ ಅಧ್ಯಯನ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ: 12 ವಾರ ಮಾತ್ರ ಹೋದವರು ವರ್ಷದ ಕೊನೆಗೆ 4.75 ಕಿಲೋ, ಇಡೀ 52 ವಾರ ಹೋದವರು 6.76 ಕಿಲೋ ಇಳಿದಿದ್ದರು. ಇಂಥ ಅಧ್ಯಯನಗಳಲ್ಲಿ ಸಂಸ್ಥೆಯ ಹಣವೂ ಇತ್ತೆಂಬುದನ್ನು ಓದುಗರು ಗಮನದಲ್ಲಿಡಬೇಕು. ಹಾಗಿದ್ದೂ ಬಂದ ಅಂಕಿಗಳು ಇಷ್ಟು ಸಾಧಾರಣವಾಗಿರುವುದರಿಂದಲೇ ನನಗೆ ಅವುಗಳಲ್ಲಿ ನಂಬಿಕೆ. ವರ್ಷಕ್ಕೆ ಐದಾರು ಕಿಲೋ ಎಂದರೆ ಮದುವೆಯ ಸೀರೆ ಕುಪ್ಪಸಕ್ಕಾಗಿ ಎರಡು ತಿಂಗಳಲ್ಲಿ ಹತ್ತು ಕಿಲೋ ಇಳಿಸಬೇಕೆನ್ನುವವರಿಗೆ ನಿರಾಸೆಯಾಗುತ್ತದೆ. ಆದರೆ 80 ಕಿಲೋ ತೂಗುವವರಿಗೆ ಅದು ದೇಹತೂಕದ ನೂರಕ್ಕೆ ಆರೇಳು ಭಾಗ. ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯಲ್ಲಿ ಸುಧಾರಣೆ ಕಾಣಲು ನೂರಕ್ಕೆ ಐದು ಭಾಗ ಇಳಿದರೂ ಸಾಕಾಗುತ್ತದೆ.

ನಮ್ಮವರಿಗೆ ಇದು ಹೆಚ್ಚು ಮುಖ್ಯ. ಏಷ್ಯಾದವರಿಗೆ ದೇಹತೂಕದ ಸೂಚಿ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ) 23 ತಲುಪಿದಾಗಲೇ ಅಪಾಯ ಏರತೊಡಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ಇಲ್ಲಿನ ಬಿಳಿಯರಿಗೆ ಆ ಗಡಿ 25. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರು ದಾಟದಂತೆ ನೋಡಿಕೊಳ್ಳಬೇಕು. ತೂಕದ ಯಂತ್ರ ಸುಮ್ಮನಿದ್ದ ವಾರಗಳಲ್ಲಿ ನಾನು ಟೇಪಿನಿಂದ ಸೊಂಟ ಅಳೆಯುತ್ತೇನೆ, ಎಷ್ಟೋ ಬಾರಿ ಒಳ್ಳೆಯ ಸುದ್ದಿ ಅಲ್ಲಿರುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕಾಣಲೇಬೇಕು, ಏಕೆಂದರೆ ಔಷಧದ ಪ್ರಮಾಣ ಹಾಗೆಯೇ ಉಳಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಬಸುರಿಯರಿಗೆ, ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರಿಗೆ ಈ ಎಣಿಕೆ ಸಲ್ಲದು.

ಈಚಿನ ವರ್ಷಗಳಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಔಷಧಗಳು ಬಂದಿವೆ. ವೇಟ್ ವಾಚರ್ಸ್ ಕೂಡ 2023ರಲ್ಲಿ ಆ ಔಷಧಗಳನ್ನು ಬರೆದುಕೊಡುವ ಸೇವೆಯೊಂದನ್ನು ಕೊಂಡಿತು. 2025ರ ಮೇ ತಿಂಗಳಲ್ಲಿ ಸಾಲದ ಹೊರೆಯಿಂದ ದಿವಾಳಿ ರಕ್ಷಣೆಗೆ ಅರ್ಜಿಯನ್ನೂ ಹಾಕಿತು. ಔಷಧ ಬೇಕಾದವರು ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕು, ಬೊಜ್ಜು ಮನೋಬಲದ ಕೊರತೆಯಲ್ಲ. ಔಷಧದಿಂದ ಹಸಿವು ಕುಗ್ಗಿದವರಿಗೂ ಆ ಕಡಿಮೆ ಊಟದಲ್ಲಿ ಬೇಳೆ, ಮೊಸರು, ತರಕಾರಿ ಎಷ್ಟಿರಬೇಕೆಂಬ ಲೆಕ್ಕ ಬೇಕೇ ಬೇಕು.

ತೂಕ ಇಳಿದ ಮೇಲೆ ಅದನ್ನು ನಿಲ್ಲಿಸಿಕೊಳ್ಳುವ ವಿಷಯದಲ್ಲಿ ಈ ಪದ್ಧತಿಯ ಎರಡು ಏರ್ಪಾಟುಗಳು ನನಗೆ ಬಹಳ ಇಷ್ಟ. ಹಗುರಾದ ದೇಹಕ್ಕೆ ಬೇಕಾಗುವ ಆಹಾರವೂ ಕಡಿಮೆ. ಅದಕ್ಕೆ ಸರಿಯಾಗಿ ತೂಕ ಇಳಿದಂತೆ ದಿನದ ಪಾಯಿಂಟೂ ಒಂದೊಂದಾಗಿ ಇಳಿಯುತ್ತ ಬರುತ್ತದೆ, ಆದ್ದರಿಂದ ಗುರಿ ಮುಟ್ಟುವ ಹೊತ್ತಿಗೆ ಆ ಊಟ ಆಗಲೇ ರೂಢಿಯಾಗಿರುತ್ತದೆ. ಇನ್ನೊಂದು, ಗುರಿ ಮುಟ್ಟಿ ಅದನ್ನು ಕಾಯ್ದುಕೊಂಡವರು ಆಜೀವ ಸದಸ್ಯರಾಗುತ್ತಾರೆ. ತಿಂಗಳಿಗೊಮ್ಮೆ ತೂಕ ನೋಡಿಸಿಕೊಂಡು, ಗುರಿಗಿಂತ 2 ಪೌಂಡಿಗೆ ಮೀರದಿದ್ದರೆ ಸಭೆಗೆ ಶುಲ್ಕವಿಲ್ಲ ಎಂಬುದು ಬಹುಕಾಲ ನಡೆದುಬಂದ ನಿಯಮ. ಮನೆಯಲ್ಲೇ ಪಾಲಿಸುವವರೂ ಈ 2 ಪೌಂಡಿನ ಗೆರೆಯನ್ನು ಹಾಕಿಕೊಳ್ಳಬಹುದು. ನಾನೀಗ ದಿನವೂ ಬರೆದಿಡುವುದಿಲ್ಲ. ನಮ್ಮ ಮನೆಯ ಹುಳಿ, ಸಾರು, ಪಲ್ಯಗಳ ಸೌಟಿನ ಲೆಕ್ಕ ಕೈಗೆ ಬಂದಿದೆ. ಗೆರೆ ದಾಟಿದ ತಿಂಗಳು ಮಾತ್ರ ಪುಸ್ತಕ ತೆಗೆದು, ಎಣ್ಣೆಯ ಚಮಚ ಮತ್ತು ತೆಂಗಿನ ತುರಿಯಿಂದ ಆರಂಭಿಸಿ, ಎರಡು ವಾರ ಪಾತ್ರೆಪಾತ್ರೆಗೂ ಮತ್ತೆ ಬರೆಯುತ್ತೇನೆ.